ಸಿದ್ದಮ್ಮತ್ತೆಯ ಮೇಲೊಂದು ಮುಚ್ಚಳ

ನನ್ನ ಪಿಕಪ್ ಗಾಡಿಗೆ ಒಂದು ಮುಚ್ಚಳ ಹಾಕಿಸಿಕೊಡುತ್ತೇನೆ ಎಂದು ಹಾಲಪ್ಪ ಭಾವ ತಾನಾಗಿಯೇ ಬಂದು ಹೇಳಿದ ದಿನವೇ ನನಗೆ ಅನುಮಾನ ಬಂತು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ ಅವನು. ನಾನು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಂದು ಲೋಟ ನೀರು ತಂದುಕೊಟ್ಟು ಗೊತ್ತಿಲ್ಲ. ಅಂಥವನು ಬೆಳಿಗ್ಗೆ ಬೆಳಿಗ್ಗೆ ನನ್ನ ಪಾತ್ರೆ ಗೋದಾಮಿನ ಬಾಗಿಲಿಗೆ ಬಂದು, ಗಾಡಿಯ ಹಿಂಭಾಗವನ್ನು ತಟ್ಟಿ, "ಇದು ಹಿಂಗೆ ಬಾಯಿ ತಕ್ಕೊಂಡು ಇರಬಾರದು ದಾಕ್ಷಾಯಿಣಿ, ಒಂದು ಒಳ್ಳೆ ಮುಚ್ಚಳ ಹಾಕ್ಸನ" ಎಂದು ಹಲ್ಲು ಕಿರಿದರೆ ಯಾರಿಗೆ ತಾನೆ ಅನುಮಾನ ಬರುವುದಿಲ್ಲ?

ನಾನು ಮದುವೆ, ಗೃಹಪ್ರವೇಶಗಳಿಗೆ ಪಾತ್ರೆ ಬಾಡಿಗೆಗೆ ಕೊಡುವವಳು. ಗಾಡಿ ಓಡಿಸುವವಳೂ ನಾನೇ. ನಮ್ಮೂರಲ್ಲಿ ಈ ಕಸುಬಿಗೆ ತೋಳಿನಲ್ಲಿ ಕಸುವು ಬೇಕು. ಆಷಾಢ ಪೂರ್ತಿ ಗೋದಾಮಿನ ಕತ್ತಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ಕೂತ ಕೊಪ್ಪರಿಗೆಯನ್ನು ಶ್ರಾವಣದ ಮೊದಲ ಮದುವೆಗೆ ಎತ್ತಬೇಕೆಂದರೆ ಗಟ್ಟಿಮುಟ್ಟಾದ ಆರು ಆಳು ಬೇಕು. ಅದೇ ಕೊಪ್ಪರಿಗೆ ಮದುವೆ ಮನೆಯಲ್ಲಿ ಹಸಿದವರ ಕಣ್ಣಿಗೆಲ್ಲ ಬಿದ್ದು ಬಂದರೆ, ವಾಪಸು ತರುವಾಗ ನಾನೊಬ್ಬಳೇ ಕಂಕುಳಲ್ಲಿ ಇಟ್ಟುಕೊಂಡು ಬರುತ್ತೇನೆ.

ಕಣ್ಣಿಗೆ ಬಿದ್ದದ್ದರ ತೂಕ ಇಳಿಯುತ್ತದೆ, ಬೀಳದ್ದರದು ಏರುತ್ತದೆ. ನಮ್ಮೂರ ಮಟ್ಟಿಗೆ ಇದು ಹೊಸ ಮಾತಲ್ಲ. ಮಂಡಿಯ ವ್ಯಾಪಾರಿಗಳು ಈರುಳ್ಳಿ ಮೂಟೆಗಳನ್ನು ಕತ್ತಲ ಕೋಣೆಯಲ್ಲಿ ಮುಚ್ಚಿಡುತ್ತಾರೆ. ಕೊಳ್ಳಲು ಬಂದವರು ತಕ್ಕಡಿಯ ಮುಂದೆ ನಿಂತು ಮೂಟೆಯನ್ನೇ ದುರುಗುಟ್ಟಿ ನೋಡುತ್ತಾರೆ. "ಏಯ್, ಅಷ್ಟ್ಯಾಕ್ ನೋಡ್ತೀಯೋ?" "ಕಣ್ಣು ನಂದು, ನೋಡೇ ನೋಡ್ತೀನಿ!" ದಿನಾ ಇದೇ ರಂಪ. ಚೆಂದದ ಹುಡುಗಿಯರಿಗೆ ತಾಯಂದಿರು ಸೀಸದ ಕಾಲ್ಗಡಗ ತೊಡಿಸಿ ಹೊರಗೆ ಬಿಡುತ್ತಾರೆ. ಊರ ಯಜಮಾನ ವೀರಭದ್ರಜ್ಜನನ್ನಂತೂ ಇಷ್ಟು ವರ್ಷ ಊರೇ ನೋಡಿ ನೋಡಿ, ಪಾಪ, ಸೊಂಟಕ್ಕೆ ಗುಂಡುಕಲ್ಲು ಕಟ್ಟಿಕೊಳ್ಳದೆ ಹೊಸ್ತಿಲು ದಾಟುವಂತಿಲ್ಲ. ಹೋದ ಗಾಳಿಗಾಲದಲ್ಲಿ ಕಲ್ಲು ಮರೆತು ಬಂದು ಅಂಚೆ ಕಚೇರಿಯ ಹೆಂಚಿನ ಮೇಲೆ ಹೋಗಿ ಕೂತುಬಿಟ್ಟಿದ್ದ. ಏಣಿ ಹಾಕಿ ಇಳಿಸಿದ ಮೇಲೆ, "ನನ್ ಕೈಲಿ ಆಗಲ್ರಪ್ಪ, ಬ್ಯಾರೆ ಯಜಮಾನನ್ನ ಹುಡಿಕ್ಕೊಳ್ರಿ" ಎಂದು ಕೈ ಮುಗಿದ. ಅಲ್ಲಿಂದ ಶುರುವಾಯಿತು ನಮ್ಮ ಭಾವನ ಹಾರಾಟ.

ಯಜಮಾನಿಕೆ ಸುಮ್ಮನೆ ಸಿಗುವುದಿಲ್ಲ. ಪಂಚರು ಮನೆಗೆ ಬಂದು ಆ ಮನೆಯಲ್ಲಿ ಎಲ್ಲರಿಗಿಂತ ಹಿರಿಯರಾದವರ ಕೈ ಹಿಡಿದು ಎತ್ತಿ ನೋಡುತ್ತಾರೆ. ಕೈ ಹಗುರವಾಗಿ ಎದ್ದರೆ, ಈ ಮನೆಯವರ ಕಣ್ಣು ಹಿರಿಯರ ಮೇಲಿದೆ, ಊರಿನ ಮೇಲೂ ಇರುತ್ತದೆ ಎಂದು ಲೆಕ್ಕ. ಏಳದಿದ್ದರೆ ಕೊಟ್ಟ ಪಾನಕವನ್ನೂ ಮುಟ್ಟದೆ ಎದ್ದು ಹೋಗುತ್ತಾರೆ. ಆಮೇಲೆ ಆ ಮನೆಯವರು ಊರಿನ ಯಾವ ಪಂಕ್ತಿಯಲ್ಲಿ ಕೂತರೂ ಜನ ಮುಸಿಮುಸಿ ನಗುತ್ತಾರೆ.

ನಮ್ಮ ಮನೆಗೆ ಹಿರಿಯಳೆಂದರೆ ಸಿದ್ದಮ್ಮತ್ತೆ. ಹಾಲಪ್ಪ ಭಾವನಿಗೂ ನನ್ನ ಗಂಡ ಕೊಟ್ರೇಶನಿಗೂ ಸೋದರತ್ತೆ. ಹರೆಯದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ತಾಯಿ ಇಲ್ಲದ ಈ ಇಬ್ಬರನ್ನೂ ಎತ್ತಿ ಆಡಿಸಿದವಳು, ಇಡೀ ಮನೆಗೆ ರೊಟ್ಟಿ ಬಡಿದವಳು. ತಿಂದವರೆಲ್ಲ ರೊಟ್ಟಿಯನ್ನು ನೋಡಿದರೇ ಹೊರತು ಬಡಿದವಳನ್ನು ನೋಡಲಿಲ್ಲ. ನೆಂಟರು ಬಂದರೆ "ಒಳಗ್ ಹೋಗತ್ತೆ." ಶುಭಕಾರ್ಯ ಎಂದರೆ "ಎದುರಿಗ್ ಬರಬ್ಯಾಡತ್ತೆ." ಹೀಗೆ ಒಳಗೆ ಹೋಗಿ ಹೋಗಿ ಕೊನೆಗೆ ಅಡುಗೆಮನೆಯ ಹಿಂದಿನ ಸೌದೆ ಕೋಣೆ ಸೇರಿದಳು. ಅಲ್ಲಿ ಕತ್ತಲೆಯಲ್ಲಿ ಕೂತು ಏರುತ್ತಲೇ ಹೋದಳು. ನೋಡಿದರೆ ಮೈಯಲ್ಲಿ ಹಿಡಿ ಮಾಂಸವಿಲ್ಲ, ಗುಬ್ಬಿಯಷ್ಟು ಮುದುಕಿ. ಆದರೆ ಅವಳು ಕೂತ ಕಡೆ ನೆಲದ ಚಪ್ಪಡಿ ಸೀಳಿಹೋಗಿದೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ಎದ್ದು ನಿಲ್ಲುವುದು ನಿಂತುಹೋಗಿತ್ತು.

ನಾನು ದಿನಾ ಎದುರು ಕೂತು ಉಣಿಸುತ್ತಿದ್ದೆ, ತಲೆ ಬಾಚುತ್ತಿದ್ದೆ, ಕಣ್ಣು ತುಂಬ ನೋಡುತ್ತಿದ್ದೆ. ಆದರೆ ಒಂದು ಜೊತೆ ಕಣ್ಣಿಗೆ ಎಷ್ಟು ಇಳಿದೀತು? ನಾನು ಇಳಿಸಿದ್ದನ್ನು ಉಳಿದವರೆಲ್ಲ ಸೇರಿ ಏರಿಸುತ್ತಿದ್ದರು. ನನ್ನಿಂದಾದದ್ದು ಇಷ್ಟೇ: ಕತ್ತು ತಿರುಗಿಸುತ್ತಿದ್ದಳು, ಮಾತಾಡುತ್ತಿದ್ದಳು. ಅವಳ ಬಾಯಲ್ಲಿ ಯಾವಾಗಲೂ ಒಂದೇ ಮಾತು. "ಒಂದ್ಸಲ ನನ್ನ ಕಾಲ ಮ್ಯಾಲೆ ನಿಂತ್ಕಬೇಕು ಕಣೆ ದಾಕ್ಷಾಯಿಣಿ. ಬೀದಿ ಬಾಗಿಲ ತಂಕ ನಡೀಬೇಕು. ಆಮ್ಯಾಲೆ ಬೇಕಾದ್ರೆ ಶಿವ ಕರ್ಕಳ್ಲಿ." ಇಬ್ಬರು ಗಂಡಸರಿಗೂ ಇದನ್ನು ಎಷ್ಟು ಸಲ ಹೇಳಿದೆನೋ! ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ದಿನಕ್ಕೊಂದು ಸಲ ಬಂದು ಮುಖ ನೋಡಿ ಹೋಗ್ರಪ್ಪ ಅಂದರೆ ಭಾವನಿಗೆ ಮಂಡಿ, ನನ್ನ ಗಂಡನಿಗೆ ಭಾವನ ಹೆದರಿಕೆ.

ಈಗ ಪಂಚರು ಬರುವ ಮಾತು ಬಂದ ಕೂಡಲೇ ಭಾವನಿಗೆ ಸೌದೆ ಕೋಣೆ ನೆನಪಾಯಿತು ನೋಡಿ! ಏನು ಮಾಡಿದ ಗೊತ್ತೇ? ತನ್ನ ಹೆಂಡತಿಯ ತಾಯಿಯನ್ನು ಅವಳ ಊರಿನಿಂದ ಕರೆಸಿದ. ಹೊಸ ಸೀರೆ ಉಡಿಸಿ ಬೀದಿ ಜಗುಲಿಯ ಮೇಲೆ ಕುರ್ಚಿ ಹಾಕಿ ಕೂರಿಸಿದ. ಹೋಗುವವರು ಬರುವವರು ನೋಡಿ ನೋಡಿ ಆ ಹೆಂಗಸು ಕೇರುವ ಮೊರದಷ್ಟು ಹಗುರಾಗಿ, ಕುರ್ಚಿಯ ಕೈ ಹಿಡಿದುಕೊಂಡೇ ಕಾಫಿ ಕುಡಿಯುತ್ತಿದ್ದಳು. ಪಂಚರಿಗೆ ಈಕೆಯನ್ನೇ ಮನೆಯ ಹಿರಿಯಳೆಂದು ತೋರಿಸುವುದು. ಸಿದ್ದಮ್ಮತ್ತೆಯನ್ನು ಅದಕ್ಕೂ ಮುಂಚೆ ಗುಡ್ಡದಾಚೆಯ ಯಾವುದೋ ಆಶ್ರಮಕ್ಕೆ ಸಾಗಿಸಿಬಿಡುವುದು. ಅದಕ್ಕೆ ನನ್ನ ಗಾಡಿ. ಯಾರಿಗೂ ಕಾಣಬಾರದು, ಅದಕ್ಕೆ ಮುಚ್ಚಳ.

"ಅತ್ತೆನ ಕೇಳಿದ್ರಾ ಭಾವ?" ಎಂದೆ.

"ಆಕಿನ್ನೇನು ಕೇಳೋದು? ಅಲ್ಲಿ ಹೊತ್ತೊತ್ತಿಗೆ ಊಟ ಹಾಕ್ತಾರೆ."

"ಇಲ್ಲಿ ನಾನು ಹಾಕ್ತಾ ಇಲ್ವಾ?"

"ನೋಡವ್ವ, ನಿನ್ ಗಾಡಿ ಕೊಡು, ಇಲ್ಲ ಅಂದ್ರೆ ಬಿಡು. ಇದ್ದಿಲು ಹೊಡಿಯೋ ಲಾರಿ ಐತೆ. ಇದ್ದಿಲ ಮೂಟೆ ಮಧ್ಯೆ ಕೂರಿಸಿ ಕಳಿಸ್ತೀನಿ."

ನನ್ನ ಮೈಯೆಲ್ಲ ಉರಿದುಹೋಯಿತು. ಗಂಡನ ಮುಖ ನೋಡಿದೆ. ಅವನು ತನ್ನ ಕಾಲಿನ ಉಗುರು ನೋಡುತ್ತ, "ಅಣ್ಣ ಯೋಚನೆ ಮಾಡೇ ಹೇಳ್ತಿರಬೇಕು" ಎಂದ. ಥೂ! ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು, "ನನ್ ಗಾಡಿನಾಗೇ ಹೋಗ್ಲಿ. ಆದ್ರೆ ಮುಚ್ಚಳ ನಾನು ಆರಿಸ್ತೀನಿ" ಎಂದೆ. ಇದ್ದಿಲಿನ ಲಾರಿಗಿಂತ ನನ್ನ ಕೈಯೇ ಮೇಲು ಎಂದು ಒಪ್ಪಿಕೊಂಡದ್ದು, ಬೇರೇನಲ್ಲ.

ಮುಚ್ಚಳದ ಅಂಗಡಿ ಅಮಾನುಲ್ಲಾ ಸಾಬರದು, ಸಂತೆ ಮೈದಾನದ ತುದಿಯಲ್ಲಿ. ಯಾರೇ ಗಾಡಿ ತಂದು ನಿಲ್ಲಿಸಲಿ, ಸಾಬರು ಬೀಡಿ ಆರಿಸಿ ಮೊದಲು ಕೇಳುವುದು ಒಂದೇ ಪ್ರಶ್ನೆ: "ಏರಬೇಕಾ, ಇಳೀಬೇಕಾ?" ಏರಬೇಕು ಎನ್ನುವ ಮಂಡಿಯವರಿಗೆ ಎರಡು ಪದರದ ಕಪ್ಪು ಟಾರ್ಪಾಲು. ಇಳಿಯಬೇಕು ಎನ್ನುವ ಇಟ್ಟಿಗೆಯವರಿಗೆ, ಕಲ್ಲಿನವರಿಗೆ ಬಲೆ. ದಾರಿಯಲ್ಲಿ ಜನ ನೋಡಿದಷ್ಟೂ ಗಾಡಿಗೆ ಸುಲಭ. ಅವೆರಡರ ನಡುವೆ ಕಬ್ಬಿಣದ ಕಮಾನಿನ ಮೇಲೆ ಕ್ಯಾನ್ವಾಸು ಬಿಗಿದ ಚಾವಣಿ, ಪಕ್ಕಕ್ಕೆ ಸುತ್ತಿ ಕಟ್ಟುವ ಪರದೆ. ಒಂದು ಮೂಲೆಯಲ್ಲಿ, ಹೊಸದಾಗಿ ಬಂದದ್ದು, ಫೈಬರಿನ ದಪ್ಪ ಮುಚ್ಚಳ. ಪೆಟ್ಟಿಗೆಯ ಬಾಯಿ ಮುಚ್ಚಿದ ಹಾಗೆ ಗಾಡಿಯ ಹಿಂಭಾಗದ ಮೇಲೆ ಕೂರುತ್ತದೆ, ಕೊಂಡಿ ಇದೆ, ಬೀಗವಿದೆ. ಕರ್ರಗೆ ಮಿಂಚುತ್ತಿತ್ತು. ಭಾವನ ಕಣ್ಣು ಅದರ ಮೇಲೆ ನೆಟ್ಟಿತು.

"ಏರಬೇಕಾ, ಇಳೀಬೇಕಾ?" ಎಂದರು ಸಾಬರು.

"ಇಳೀಬೇಕು. ಬಲೆ ತೋರ್ಸ್ರಿ" ಎಂದೆ ನಾನು.

"ಕಾಣಬಾರ್ದು" ಎಂದ ಭಾವ. "ಅದ ತೋರ್ಸು, ಬೀಗದ್ದು."

"ಸರಕು ಏನು ಸಾವ್ಕಾರ್ರೆ?"

"ಈರುಳ್ಳಿ."

ಸಾಬರು ಭಾವನನ್ನು ನೋಡಿದರು, ನನ್ನನ್ನು ನೋಡಿದರು. "ಈರುಳ್ಳಿಗೆ ಬೀಗ ಯಾಕ್ರಿ? ಎದ್ದು ಓಡಿ ಹೋಗ್ತದಾ?"

"ಅದಕ್ಕೆ ಎದ್ದು ನಿಲ್ಲಕ್ಕೇ ಬರಲ್ಲ ಸಾಬರೆ" ಎಂದೆ. ಅತ್ತರೆ ಸಿಟ್ಟು ಇಳಿದುಹೋಗುತ್ತದಲ್ಲ ಎಂದು ಅಳಲಿಲ್ಲ. "ಉಸಿರಾಡೋ ಈರುಳ್ಳಿ. ಈ ಪೆಟ್ಟಿಗೆನಾಗೆ ಗಾಳಿ ಎಲ್ಲೈತೆ ಕೇಳ್ರಿ ಅವರ್ನ."

"ತೂತು ಹೊಡಿಸನ, ಅದೇನು ದೊಡ್ಡದು?" ಎಂದ ಭಾವ.

ಸಾಬರಿಗೆ ಅರ್ಥವಾಗಿತ್ತು. ಆ ಕೇರಿಯಲ್ಲಿ ನಮ್ಮ ಸೌದೆ ಕೋಣೆಯ ವಿಷಯ ಗೊತ್ತಿಲ್ಲದವರು ಯಾರು? ಗೊತ್ತಿದೆ, ಬಾಯಿ ಬಿಡುವುದಿಲ್ಲ, ಅಷ್ಟೆ. ಅವರು ಮೆತ್ತಗೆ, "ಸಾವ್ಕಾರ್ರೆ, ಇದರೊಳಗೆ ಕತ್ಲು ಬಾಳ ಗಟ್ಟಿ. ಟಾರ್ಪಾಲಿನಾಗೆ ಚೂರುಪಾರು ಬೆಳಕಾದ್ರೂ ನುಗ್ತದೆ, ಇದರಾಗೆ ಅದೂ ಇಲ್ಲ. ಸರಕು ದಾರಿನಾಗೇ ಏರ್ತದೆ. ಗಾಡಿ ತಡೀಬೇಕಲ್ಲ" ಎಂದರು.

"ಏರೋದ್ರ ಬಗ್ಗೆ ನನಗೇ ಪಾಠ ಹೇಳ್ತೀಯಾ?" ಎಂದು ಭಾವ ಎದೆ ಉಬ್ಬಿಸಿದ. "ಮಂಡಿನಾಗೆ ಹುಟ್ಟಿದೋನು ನಾನು. ಯಾವ ಮುಚ್ಚಳ ಚೆನ್ನಾಗಿ ಏರಿಸ್ತದೋ ಅದೇ ಒಳ್ಳೆ ಮುಚ್ಚಳ. ಇದನ್ನೇ ಕೂರಿಸು."

ನೋಡಿ, ಇದು ನಮ್ಮೂರ ಮಂಡಿಯವನು ಮಾತ್ರ ಮಾಡಬಹುದಾದ ತಪ್ಪು. ಜೀವಮಾನವೆಲ್ಲ ಕತ್ತಲೆಯಲ್ಲಿ ಮೂಟೆ ಏರಿಸಿ ತಿಂದವನಿಗೆ ಮುಚ್ಚಳ ಅಂದರೆ ಇಷ್ಟೇ ಗೊತ್ತು. ಹೊತ್ತುಕೊಂಡು ಹೋಗಬೇಕಾದ್ದನ್ನು ಯಾರಾದರೂ ಏರಿಸುತ್ತಾರೆಯೇ? ನಾನು ಕೂಗಾಡಿದೆ. ಬಲೆಯನ್ನು ಎಳೆದು ತಂದು ಗಾಡಿಯ ಮೇಲೆ ಹರಡಿದೆ. ಅವನು ಅದನ್ನು ಕಿತ್ತು ಮಣ್ಣಿಗೆ ಎಸೆದ. "ಹೆಂಗಸಿನ ಕೈಗೆ ಸ್ಟೇರಿಂಗ್ ಕೊಟ್ಟಿದ್ದೇ ಹೆಚ್ಚಾತು" ಎಂದು ಸಾಬರ ಅಂಗಡಿಯವರೆಲ್ಲರ ಎದುರಿಗೆ ಅಂದ. ಆ ಮಾತನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಆ ಗಾಡಿ ನನ್ನ ತವರಿನವರು ಕೊಡಿಸಿದ್ದು, ಅದರ ಸ್ಟೇರಿಂಗ್ ಯಾರೂ ನನ್ನ ಕೈಗೆ ಕೊಟ್ಟದ್ದಲ್ಲ.

ಮುಚ್ಚಳ ಕೂತಿತು. ಬೀಗದ ಕೈ ಭಾವನ ಜೇಬು ಸೇರಿತು.

ಪಂಚರು ಸಂಜೆ ಬರುತ್ತೇವೆಂದು ಹೇಳಿಕಳಿಸಿದ ದಿನ ಸಂತೆ. ಬೆಳಿಗ್ಗೆಯೇ ಮಂಡಿಯ ಹಮಾಲರು ಹಗ್ಗ, ಬಿದಿರು ಹಿಡಿದು ಹಿತ್ತಿಲಿಗೆ ಬಂದರು. ನಾನು ಗಾಡಿಯ ಹಿಂದೆ ಇದ್ದಬದ್ದ ಕೌದಿಯನ್ನೆಲ್ಲ ಹಾಸಿದೆ. ಹಮಾಲರು ಉಸ್ಸಪ್ಪಾ ಎಂದು ಏದುಸಿರು ಬಿಡುತ್ತ, ಮುಖವನ್ನು ಅತ್ತ ತಿರುಗಿಸಿಕೊಂಡೇ ಅತ್ತೆಯನ್ನು ಎತ್ತಿದರು. ಯಾಕೆ ಅತ್ತ ತಿರುಗುವುದು ಎಂದರೆ, ಅದು ನಮ್ಮೂರ ಮರ್ಯಾದೆಯಂತೆ! ಭಾರವಾದ ಮನುಷ್ಯರು ಎದುರಾದರೆ ನೋಡಬಾರದಂತೆ, ನೋಡಿದರೆ ಆ ಮನೆಯವರ ಮಾನ ಹೋಗುತ್ತದಂತೆ. ಎಂಥ ಮರ್ಯಾದೆಯೋ ಏನೋ, ಬೆಂಕಿ ಹಾಕ. ಒಬ್ಬೊಬ್ಬ ಒಂದೊಂದು ಸಲ ಮುಖ ನೋಡಿದ್ದರೆ ಅವರ ಬೆನ್ನಿಗೇ ಅರ್ಧ ಸುಲಭವಾಗುತ್ತಿತ್ತು.

"ಎಲ್ಲಿಗ್ ಕಣೆ?" ಎಂದಳು ಅತ್ತೆ.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಗುಡ್ಡದಾಚೆ ಆಶ್ರಮಕ್ಕಂತೆ."

"ನೀನೂ ಅವರ ಜತಿಗ್ ಸೇರ್ಕಂಡ್ಯಾ?"

"ಅತ್ತೆ, ಗಾಡಿ ನಾನೇ ಓಡಿಸ್ತೀನಿ" ಎಂದೆ. ಅಷ್ಟರಲ್ಲಿ ಭಾವ ಬಂದು ಮುಚ್ಚಳವನ್ನು ಧಡಾರನೆ ಎಳೆದು ಬೀಗ ಜಡಿದ. ಅವಳ ಮುಖ ಕಡೆಗೂ ನೋಡಲಿಲ್ಲ ಆ ಪುಣ್ಯಾತ್ಮ. ಒಳಗಿನಿಂದ ಸಣ್ಣಗೆ ದನಿ ಬಂತು: "ಮುಚ್ಚೇಬಿಟ್ರಲ್ಲೆ." ನನ್ನ ಗಂಡ ಹಿತ್ತಿಲ ಗೋಡೆಗೆ ಒರಗಿ ನಿಂತಿದ್ದ. ಅವನನ್ನು ನೋಡಿದರೆ ಕೈಗೆ ಸಿಕ್ಕಿದ್ದನ್ನು ಎಸೆದುಬಿಡುತ್ತೇನೆ ಎನಿಸಿ ನೋಡದೆ ಗಾಡಿ ಹತ್ತಿದೆ.

ಹಳ್ಳದ ದಾರಿಯಲ್ಲಿ ಹೋಗು, ಸಂತೆ ಕಡೆ ತಲೆ ಹಾಕಬೇಡ ಎಂದು ಭಾವನ ಅಪ್ಪಣೆ. ತಾನು ಕಾರಿನಲ್ಲಿ ಹಿಂದೆ. ಬೀದಿ ತಿರುಗುವ ಮೊದಲೇ ಗಾಡಿ ಕೂರತೊಡಗಿತ್ತು. ಸ್ಟೇರಿಂಗ್ ಕಲ್ಲಾಗಿತ್ತು, ಎಂಜಿನ್ನು ಕೆಮ್ಮುತ್ತಿತ್ತು. ಹಳ್ಳದ ಸೇತುವೆ ಹಳೆಯದು, ಈ ಭಾರ ತಡೆಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಸಂತೆಯ ಕಡೆಗೆ ತಿರುಗಿಸಿದೆ. ಹಿಂದೆ ಭಾವನ ಕಾರಿನ ಹಾರನ್ನು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಬಡ್ಕೊ, ಎಷ್ಟು ಬೇಕೋ ಅಷ್ಟು ಬಡ್ಕೊ ಎಂದುಕೊಂಡೆ.

ಸಂತೆಯ ನಡುಮಧ್ಯ, ಹೂವಿನವರ ಸಾಲಿಗೂ ಪಂಚರು ಕೂರುವ ಕಟ್ಟೆಗೂ ನಡುವೆ, ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಕಟಕಟ ಎನ್ನುತ್ತ ಬಗ್ಗಿದವು. ಎಡಗಡೆಯ ಟೈರು ಢಂ ಎಂದು ಸಿಡಿಯಿತು. ಗಾಡಿ ಅಂಡೂರಿ ಕೂತುಬಿಟ್ಟಿತು. ಚಕ್ರದ ಕಬ್ಬಿಣ ಹಾಸುಗಲ್ಲಿನೊಳಗೆ ಇಳಿದಿತ್ತು.

ನಾನು ಇಳಿದು ಮುಚ್ಚಳಕ್ಕೆ ಕಿವಿ ಕೊಟ್ಟೆ. ಒಳಗೆ ಸದ್ದಿಲ್ಲ. "ಅತ್ತೆ!" ಸದ್ದಿಲ್ಲ. "ಅತ್ತೇ!" ಬಹಳ ಹೊತ್ತಿನ ಮೇಲೆ, ಬಾವಿಯೊಳಗಿಂದ ಬಂದಂತೆ, "ಉಸ್ರು... ಕಣೆ" ಎಂದಿತು ದನಿ. ತನ್ನ ಎದೆಯ ಭಾರಕ್ಕೆ ತಾನೇ ಉಸಿರಾಡಲಾರದೆ ಒದ್ದಾಡುತ್ತಿದ್ದಳು.

"ಬೀಗದ ಕೈ ಕೊಡ್ರಿ!" ಎಂದು ಭಾವನ ಕಡೆ ಓಡಿದೆ.

ಅವನು ಕಾರಿನಿಂದ ಇಳಿದು ನಾಲ್ಕೂ ಕಡೆ ನೋಡಿ, ಹಲ್ಲು ಕಚ್ಚಿ ಪಿಸುಗುಟ್ಟಿದ. "ಇಲ್ಲಿ ತೆಗಿಯಂಗಿಲ್ಲ. ಕಟ್ಟೆ ಮ್ಯಾಲೆ ಪಂಚರು ಕೂತಿದಾರೆ, ಕಾಣಲ್ವಾ? ಹಮಾಲರು ಬರ್ಲಿ, ಹಂಗೇ ಎಳ್ಕೊಂಡ್ ಹೋಗನ. ಮನೆ ಮಾನ ಕಳೀಬ್ಯಾಡ!"

"ಮನೆ ಮಾನ ಒಳಗೆ ಉಸಿರುಗಟ್ಟಿ ಬಿದ್ದೈತೆ ಭಾವ! ತೆಗಿಯಣ ಬರ್ರಿ!"

ಅವನು ಜೇಬಿನ ಮೇಲೆ ಕೈ ಇಟ್ಟುಕೊಂಡು ಹಿಂದೆ ಸರಿದ. ಆ ಕೈ ನೋಡಿದ ಮೇಲೆ ನನಗೆ ಏನೂ ಕಾಣಲಿಲ್ಲ. ಸೀಟಿನ ಕೆಳಗಿನ ವೀಲ್ ಸ್ಪ್ಯಾನರ್ ಎಳೆದು ತಂದು ಬೀಗಕ್ಕೆ ಹೊಡೆದೆ. ಮತ್ತೆ ಹೊಡೆದೆ. ಒಂದೊಂದು ಏಟಿಗೂ ಒಂದೊಂದು ಮಾತು ಬಂತು, ಇಲ್ಲಿ ಬರೆಯುವಂಥದ್ದಲ್ಲ. ಬೀಗ ಒಡೆಯಲಿಲ್ಲ, ಕೊಂಡಿಯೇ ಕಿತ್ತು ಬಂತು. ಮುಚ್ಚಳವನ್ನು ಭುಜ ಕೊಟ್ಟು ಎತ್ತಿ ಅತ್ತ ದೂಡಿದೆ. ಹೊಸ ಮುಚ್ಚಳ ಕಲ್ಲಿನ ಮೇಲೆ ಬಿದ್ದು ಸೀಳಿಹೋಯಿತು.

ಅತ್ತೆ ಕೌದಿಯೊಳಗೆ ಹೂತುಹೋದಂತೆ ಬಿದ್ದಿದ್ದಳು. ಮುಖ ನೀಲಿಗಟ್ಟಿತ್ತು, ಕಣ್ಣು ಅರೆತೆರೆದಿತ್ತು. ನಾನು ಒಬ್ಬಳೇ ನೋಡಿದೆ. ನೋಡಿದರೆ ಏನಾದೀತು? ತಲೆಯೆತ್ತಿದರೆ ಇಡೀ ಸಂತೆ ಮುಖ ತಿರುಗಿಸಿ ನಿಂತಿದೆ! ಬದನೆಕಾಯಿಯವನು ಬದನೆಕಾಯಿ ನೋಡುತ್ತಾನೆ, ಬಳೆಯವಳು ಬಳೆ ನೋಡುತ್ತಾಳೆ, ಕಟ್ಟೆಯ ಮೇಲಿನ ಪಂಚರು ಆಕಾಶ ನೋಡುತ್ತಾರೆ. ಇಷ್ಟು ಜನ, ಇಷ್ಟು ಕಣ್ಣು, ಒಂದೂ ಈ ಕಡೆ ಇಲ್ಲ.

ನನ್ನ ತಲೆ ಕೆಟ್ಟುಹೋಯಿತು. ಗಾಡಿಯ ಚಕ್ರದ ಮೇಲೆ ಹತ್ತಿ ನಿಂತೆ.

"ನೋಡ್ರೋ!" ಎಂದು ಕಿರುಚಿದೆ. "ಕಣ್ಣೇನು ಮನೇಲಿ ಬಿಟ್ಟು ಬಂದಿದೀರಾ? ಮದುವೆ ಮನೇಲಿ ನನ್ನ ಕೊಪ್ಪರಿಗೆನ ಸವೆಯೋ ಹಂಗೆ ನೋಡ್ತೀರಲ್ಲ, ಪಾಯಸ ಮುಗೀತದೇನೋ ಅಂತ ಬಾಯಿ ಬಿಟ್ಕಂಡು ನೋಡ್ತೀರಲ್ಲ! ಬೀದಿನಾಗೆ ಹೋಗೋ ಹುಡುಗೀರ್ನ ನೋಡಕ್ಕೆ ಬರ್ತದೆ, ಪಕ್ಕದ ಮನೆ ಕಿಟಕಿ ನೋಡಕ್ಕೆ ಬರ್ತದೆ. ಒಂದು ಮುದುಕಿ ಮುಖ ನೋಡಕ್ಕೆ ನಿಮ್ ಕಣ್ಣಿಗೆ ಹುಳ ಬಿದ್ದೈತಾ? ಮರ್ಯಾದೆಯಂತೆ ಮರ್ಯಾದೆ! ಹಾಲಪ್ಪನ ಮರ್ಯಾದೆ ಉಳಿಸಾಕೆ ಇವಳ ಪ್ರಾಣ ಹೋಗ್ಬೇಕಾ? ಸಾಯ್ತಾ ಅವಳೆ, ನೋಡ್ರೋ! ಬೈಯ್ಯಾಕಾದ್ರೂ ನೋಡ್ರೋ!"

ಯಾರೂ ಅಲ್ಲಾಡಲಿಲ್ಲ. ಆಮೇಲೆ ಹೂವಿನ ಸಾಲಿನಿಂದ ಹನುಮಕ್ಕ ಎದ್ದಳು. ಅತ್ತೆಯ ವಾರಿಗೆಯವಳು, ಹಲ್ಲಿಲ್ಲದ ಮುದುಕಿ. ಮಡಿಲಿನ ಸೇವಂತಿಗೆ ಕೆಳಗೆ ಚೆಲ್ಲಿದ್ದೂ ಗೊತ್ತಾಗದೆ ಗಾಡಿಯ ಹತ್ತಿರ ಬಂದು, ಅಂಚಿನ ಮೇಲೆ ಗದ್ದವೂರಿ ಒಳಗೆ ನೋಡಿದಳು.

"ಸಿದ್ದಿ ಅಲ್ಲೇನೇ ನೀನು?" ಎಂದಳು. "ಅಯ್ಯೋ ನನ್ನವ್ವ! ಕೆರೆ ಏರಿ ಮ್ಯಾಲೆ ನನ್ನ ಕುಂಟೆಬಿಲ್ಲೆನಾಗೆ ಸೋಲಿಸ್ತಿದ್ದೋಳು! ಸತ್ತೇಹೋದೆ ಅಂದ್ಕಂಡಿದ್ನಲ್ಲೆ!" ಕಣ್ಣು ತೆಗೆಯದೆ ನೋಡಿದಳು. ಅಳುತ್ತ, ನಗುತ್ತ, ಮೂಗು ಒರೆಸಿಕೊಳ್ಳುತ್ತ ನೋಡಿದಳು.

ಅತ್ತೆ ಒಂದು ಉದ್ದನೆಯ ಉಸಿರು ಎಳೆದುಕೊಂಡಳು.

ಆ ಉಸಿರಿನ ಸದ್ದಿಗೆ ಬಳೆಯವಳು ತಿರುಗಿದಳು. ಬದನೆಕಾಯಿಯವನು ತಿರುಗಿದ. ಅಮಾನುಲ್ಲಾ ಸಾಬರು ಅಂಗಡಿ ಬಿಟ್ಟು ಬಂದು ಟೊಪ್ಪಿಗೆ ಸರಿ ಮಾಡಿಕೊಂಡು ಎದುರಿಗೇ ನಿಂತು ನೋಡಿದರು. ಆಮೇಲೆ ಯಾರು ಮೊದಲು ಯಾರು ಆಮೇಲೆ ಎಂದು ನನಗೆ ತಿಳಿಯಲಿಲ್ಲ. "ಇವರೇ ಅಲ್ವಾ ನಮ್ಮವ್ವನ ಬಾಣಂತನಕ್ಕೆ ಬಂದಿದ್ದೋರು?" ಎನ್ನುವವರು, "ಸಣ್ಣೋನಿದ್ದಾಗ ನಂಗೆ ಬೆಲ್ಲ ರೊಟ್ಟಿ ಕೊಡ್ತಿದ್ರು" ಎನ್ನುವವರು, ಹಿಂದೆ ನಿಂತು ಕತ್ತು ಉದ್ದ ಮಾಡುವವರು. ಗಾಡಿ ಮೆಲ್ಲಗೆ ಮೇಲೇಳತೊಡಗಿತು. ಅತ್ತೆಯ ಕೈ ಕೌದಿಯಿಂದ ಎದ್ದಿತು. ಅವಳು ಅದನ್ನು ಮುಖದ ಮುಂದೆ ಹಿಡಿದು, ಬೇರೆ ಯಾರದೋ ಕೈ ಎನ್ನುವಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಗಾಡಿಯ ಸರಳು ಹಿಡಿದು, ಮೊಣಕಾಲೂರಿ, ನಾನು ಕೈ ಕೊಡುವ ಮೊದಲೇ ಎದ್ದು ನಿಂತಳು.

ನಿಂತಳು! ನನ್ನ ಅತ್ತೆ ನಿಂತಳು. ಕಾಲು ಗಡಗಡ ನಡುಗುತ್ತಿತ್ತು, ಸೆರಗು ಜಾರಿತ್ತು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಳು. ನಾನು ಆಗ ಅತ್ತುಬಿಟ್ಟೆ, ಸಿಟ್ಟು ಇಳಿದರೆ ಇಳಿಯಲಿ ಎಂದು.

ಸಿಟ್ಟು ಇಳಿಯಲು ಎಲ್ಲಿ ಬಿಟ್ಟಾರು? ವೀರಭದ್ರಜ್ಜ ಗುಂಡುಕಲ್ಲು ಹಿಡಿದುಕೊಂಡು ಕಟ್ಟೆಯಿಂದ ಇಳಿದು ಬಂದ. ಜನ ದಾರಿ ಬಿಟ್ಟರು. ಅತ್ತೆಯ ಕೈ ಹಿಡಿದು ಎತ್ತಿದ. ಕೈ ಹೂವಿನ ಹಾಗೆ ಎದ್ದಿತು. "ಹಗುರೈತೆ" ಎಂದ ಅಜ್ಜ.

ಅಷ್ಟು ಸಾಕಾಯಿತು. ಕಾರಿನ ಮರೆಯಲ್ಲಿದ್ದ ಹಾಲಪ್ಪ ಭಾವ ಜನರನ್ನು ತಳ್ಳಿಕೊಂಡು ಮುಂದೆ ಬಂದ. ಮುಖದ ಬೆವರು ಒರೆಸಿಕೊಂಡು, ಆ ಹಳೆಯ ಹಲ್ಲು ಕಿರಿದು, "ನೋಡಿದ್ರಾ ಅಜ್ಜಾರೆ! ನಮ್ಮ ಸೋದರತ್ತೆ. ಮನೆ ಹಿರಿಯಾಕೆ. ಹೆಂಗ್ ನೋಡ್ಕಂಡಿದೀವಿ ನೋಡ್ರಿ. ಸಂತೆ ತೋರಿಸಾಣ ಅಂತ ಕರ್ಕಂಡ್ ಬಂದ್ವಿ" ಎಂದ.

ಎಲಾ ಇವನ! ನನ್ನ ಕೈ ಸ್ಪ್ಯಾನರ್ ಹುಡುಕಿತು. ದೇವರಾಣೆಗೂ ಹೊಡೆದೇಬಿಡುತ್ತಿದ್ದೆ. ಅತ್ತೆ ನನ್ನ ಭುಜದ ಮೇಲೆ ಕೈ ಇಟ್ಟಳು. ಆ ಕೈಗೆ ತೂಕವೇ ಇರಲಿಲ್ಲ, ಆದರೂ ನಾನು ನಿಂತೆ.

"ಅಜ್ಜಾರೆ" ಎಂದಳು ಅತ್ತೆ. ಸಣ್ಣ ದನಿ, ಆದರೆ ಕಟ್ಟೆಯ ತನಕ ಕೇಳಿಸಿತು. "ಈ ಹಗುರ ಸಂತೆ ಜನ ಈಗ ಕೊಟ್ಟಿದ್ದು. ನಮ್ ಮನೆಯೋರು ಕೊಟ್ಟಿದ್ದು ಅಲ್ಲೈತೆ. ಅದನ್ನ ನೋಡ್ರಿ." ಬೆರಳು ತೋರಿಸಿದಳು. ಎಡಗಡೆಯ ಚಕ್ರ. ಸಿಡಿದ ಟೈರು, ಕೆಳಗೆ ಹಾಸುಗಲ್ಲಿನಲ್ಲಿ ಚಕ್ರ ಕೊರೆದ ಗುಂಡಿ.

ವೀರಭದ್ರಜ್ಜ ಬಗ್ಗಿದ. ಗುಂಡಿಯೊಳಗೆ ಕೈ ಇಳಿಬಿಟ್ಟ. ಮೊಣಕೈ ತನಕ ಇಳಿಯಿತು. ಕೈ ಕೊಡವಿಕೊಂಡು ಎದ್ದು, ಭಾವನ ಮುಖವನ್ನು ಒಂದು ಸಲ ನೋಡಿ, ಕಟ್ಟೆಗೆ ಹೋಗಿ ಕೂತ. ಸಂಜೆ ಪಾನಕ ಮಾಡುವ ಪ್ರಮೇಯ ಬರಲಿಲ್ಲ.

ಟೈರು ಬದಲಾಯಿಸಲು ನನ್ನ ಗಂಡ ಓಡಿ ಬಂದ, ಎಲ್ಲ ಮುಗಿದ ಮೇಲೆ. ಜಾಕು ತಿರುಗಿಸುತ್ತ ತಿರುಗಿಸುತ್ತ ತಲೆಯೆತ್ತಿ ಅತ್ತೆಯನ್ನು ನೋಡಿದ. ನೋಡುತ್ತಲೇ ಇದ್ದ. ಅವಳು "ಎಷ್ಟು ಬಿಳಿ ಕೂದ್ಲು ಬಂದಾವಲ್ಲೋ ಕೊಟ್ರಾ ನಿನಗೆ" ಎಂದಳು. ಅವನು ಅತ್ತ. ಅಳಲಿ. ನಾನು ಅವನನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ, ಅದು ಅವನಿಗೂ ಗೊತ್ತು.

ಅತ್ತೆ ಆ ಮನೆಗೆ ವಾಪಸು ಕಾಲಿಡಲಿಲ್ಲ. ನನ್ನ ಪಾತ್ರೆ ಗೋದಾಮಿನ ಮುಂದಿನ ಕೋಣೆಗೆ ಬೀದಿಗೆ ತೆರೆಯುವ ಅಗಲವಾದ ಬಾಗಿಲಿದೆ. ನಾವು ಮೂವರೂ ಈಗ ಅಲ್ಲೇ ಇದ್ದೇವೆ. ಭಾವ ಮಂಡಿಗೆ ಹೋಗುವಾಗ ನಮ್ಮ ಬಾಗಿಲ ಮುಂದೆ ಮುಖ ತಿರುಗಿಸಿಕೊಂಡು ಹೋಗುತ್ತಾನೆ, ಜನವೂ ಅವನನ್ನು ನೋಡುವುದಿಲ್ಲ. ಇತ್ತೀಚೆಗೆ ಅವನ ಚಪ್ಪಲಿ ಬೇಗ ಬೇಗ ಸವೆಯುತ್ತಿದೆಯಂತೆ. ನನಗೇನೂ ಕನಿಕರವಿಲ್ಲ.

ಮೊನ್ನೆ ಮದುವೆಯ ಕಾಲ ಶುರುವಾಗುವ ಮುಂಚೆ ಗಾಡಿಗೆ ಏನಾದರೂ ಹಾಕಿಸಲೇಬೇಕೆಂದು ಮತ್ತೆ ಅಮಾನುಲ್ಲಾ ಸಾಬರ ಅಂಗಡಿಗೆ ಹೋದೆವು. ಅತ್ತೆ ಮುಂದಿನ ಸೀಟಿನಿಂದ ತಾನೇ ಇಳಿದಳು. ಟಾರ್ಪಾಲು ಮುಟ್ಟಿದಳು, ಬಲೆ ಮುಟ್ಟಿದಳು, ಬೀಗದ ಮುಚ್ಚಳವಿದ್ದ ಮೂಲೆ ಖಾಲಿ ಇರುವುದನ್ನು ನೋಡಿದಳು. ಸಾಬರು ಬೀಡಿ ಆರಿಸಿ, ಅಭ್ಯಾಸದಂತೆ, "ಏರಬೇಕಾ ಅವ್ವ, ಇಳೀಬೇಕಾ?" ಎಂದು ಕೇಳಿದರು.

"ಎರಡೂ ಬ್ಯಾಡಪ್ಪ" ಎಂದಳು ಅತ್ತೆ. ಕ್ಯಾನ್ವಾಸಿನ ಚಾವಣಿಯನ್ನು ತೋರಿಸಿದಳು. "ಅದನ್ನ ಹಾಕು. ಬಿಸಿಲಿಗೊಂಚೂರು ನೆಳ್ಳಿದ್ರೆ ಸಾಕು. ಪರದೆ ಮಾತ್ರ ನಾಕೂ ಕಡೆ ಕಿತ್ತು ಹಾಕಿಬಿಡು."